ಹಳೆ ಗಾಡಿಯ ಗೇರ್‌ಬಾಕ್ಸ್ ಮತ್ತು ನಮ್ಮ ತಿಂಗಳ ಲೆಕ್ಕ

ಸಂಘಕ್ಕೆ ಬರುವ ಕೈಸಾಲದ ಅರ್ಜಿಗಳಲ್ಲಿ ಮೊದಲೆಲ್ಲ ಆಸ್ಪತ್ರೆ ಖರ್ಚು, ತಂಗಿಯ ಮದುವೆ, ಮಕ್ಕಳ ಫೀಸು, ಊರಿನ ಮನೆಯ ಸ್ಲ್ಯಾಬ್, ಇಂಥವೇ ಇರುತ್ತಿದ್ದವು. ಈಗ ಇನ್ನೊಂದು ಕಾರಣ ಸೇರಿಕೊಂಡಿದೆ. ‘ಗಾಡಿಯ ಗೇರ್‌ಬಾಕ್ಸ್ ಹೋಗಿದೆ, ಐದು ಸಾವಿರ ದಿರ್ಹಮ್ ಬೇಕು.’ ಅರ್ಜಿ ಕೊಡುವವರಿಗೂ ಸ್ವಲ್ಪ ನಾಚಿಕೆ, ಓದುವವರಿಗೂ ಸ್ವಲ್ಪ ಅನುಮಾನ. ಕಾರಿಗೆ ಸಾಲ ಕೇಳೋದಾ ಅಂತ.

ಊರಲ್ಲಿರುವ ಮನೆಯವರಿಗೆ ಮೊದಲು ಒಂದು ಮಾತು. ವಾಟ್ಸಾಪ್ ಸ್ಟೇಟಸ್‌ನಲ್ಲಿ ಕಾಣುವ ಕಾರು ಇಲ್ಲಿ ಶೋಕಿಯ ವಸ್ತು ಅಲ್ಲ. ಬಾಡಿಗೆ ಕಡಿಮೆ ಅಂತ ಶಾರ್ಜಾದಲ್ಲೋ ಅಜ್ಮಾನ್‌ನಲ್ಲೋ ಮನೆ ಹಿಡಿದು, ದುಬೈಯಲ್ಲಿ ಕೆಲಸ ಮಾಡುವವರಿಗೆ ಮೆಟ್ರೋ ಮನೆಬಾಗಿಲ ತನಕ ಬರುವುದಿಲ್ಲ. ಬಸ್ ಇದೆ, ನಿಜ. ಆದರೆ ರಾತ್ರಿ ಪಾಳಿ ಮುಗಿಸಿ ಬರುವವರಿಗೆ, ಅಂಗಡಿ ಅಂಗಡಿ ಸುತ್ತುವ ಸೇಲ್ಸ್‌ಮನ್‌ಗೆ ಅದು ಸಾಲುವುದಿಲ್ಲ. ಗಾಡಿ ನಿಂತರೆ ಕೆಲಸವೂ ನಿಲ್ಲುತ್ತದೆ. ಹತ್ತು-ಹನ್ನೆರಡು ವರ್ಷ ಹಳೆಯ ಗಾಡಿ ಕೊಳ್ಳುವುದು ಹೊಸದಕ್ಕೆ ಹಣ ಇಲ್ಲದ್ದಕ್ಕೇ. ಒಂದು ತಿಂಗಳು ಹಣ ಕಡಿಮೆ ಬಂತು ಅಂದರೆ ಅದು ರಿಕವರಿ ವ್ಯಾನಿನ ಹಿಂದೆ ಹೋಗಿರಬಹುದು.

ನಮ್ಮವರಲ್ಲಿ ಹೆಚ್ಚಿನವರು ಊರಲ್ಲಿ ಕಲಿತದ್ದು ಕೈಗೇರಿನ ಗಾಡಿ. ಕ್ಲಚ್ ಪ್ಲೇಟ್ ಸವೆದರೆ ಬಿ.ಸಿ. ರೋಡಿನ ಗ್ಯಾರೇಜಿನಲ್ಲಿ ಬದಲಾಯಿಸಿ ಸಂಜೆ ಮನೆಗೆ ಬರುತ್ತಿದ್ದೆವು. ಇಲ್ಲಿ ಬಹುಪಾಲು ಗಾಡಿಗಳು ಆಟೊಮ್ಯಾಟಿಕ್. ಅದರೊಳಗೆ ಹಲವು ಕ್ಲಚ್ ಪ್ಲೇಟುಗಳು, ವಾಲ್ವ್‌ಗಳು, ವಿದ್ಯುತ್ತಿನಿಂದ ಓಡುವ ಸಾಲೆನಾಯ್ಡ್‌ಗಳು, ಎಲ್ಲದಕ್ಕೂ ಒಂದು ಕಂಪ್ಯೂಟರ್. ಇವನ್ನೆಲ್ಲ ನಡೆಸುವುದು ಆಯಿಲ್. ಜಾರಿಸುವುದೂ ಅದೇ, ತಂಪು ಮಾಡುವುದೂ ಅದೇ, ಒತ್ತಡ ಕೊಟ್ಟು ಗೇರ್ ಹಾಕಿಸುವುದೂ ಅದೇ. ಆಯಿಲ್ ಕೆಟ್ಟರೆ ಮೂರೂ ಒಟ್ಟಿಗೆ ಕೆಡುತ್ತವೆ.

ಆಯಿಲ್‌ಗೆ ದೊಡ್ಡ ಶತ್ರು ಬಿಸಿ. ಆಗಸ್ಟ್ ತಿಂಗಳ ಮಧ್ಯಾಹ್ನ ಇತ್ತಿಹಾದ್ ರಸ್ತೆಯಲ್ಲಿ ಎ.ಸಿ. ಹಾಕಿ, ಒಂದು ಅಡಿ ಮುಂದೆ ಒಂದು ನಿಮಿಷ ನಿಲ್ಲು ಅಂತ ಹೋಗುವ ಗಾಡಿಯ ಗೇರ್‌ಬಾಕ್ಸ್ ಎಷ್ಟು ಕಾಯುತ್ತದೆ ಅನ್ನೋದಕ್ಕೆ ಲೆಕ್ಕ ಬೇಕಿಲ್ಲ. ಹಲವು ಗಾಡಿಗಳಲ್ಲಿ ಗೇರ್ ಆಯಿಲ್ ತಂಪಾಗುವುದು ರೇಡಿಯೇಟರ್ ಒಳಗೇ. ಆ ರೇಡಿಯೇಟರ್ ಹಳತಾಗಿ ಒಳಗೆ ಸೀಳಿದರೆ ಕೂಲೆಂಟ್ ನೀರು ಆಯಿಲ್ ಜೊತೆ ಸೇರಿ ಗುಲಾಬಿ ಬಣ್ಣದ ಮಿಲ್ಕ್‌ಶೇಕಿನ ಹಾಗೆ ಆಗುತ್ತದೆ. ಆಮೇಲೆ ಕ್ಲಚ್ ಪ್ಲೇಟಿನ ಪದರ ಉಳಿಯುವುದಿಲ್ಲ. ಕೆಲವು ನೂರು ದಿರ್ಹಮ್‌ನ ರೇಡಿಯೇಟರನ್ನು ‘ಮುಂದಿನ ಸಂಬಳಕ್ಕೆ ನೋಡುವ’ ಅಂತ ಬಿಟ್ಟದ್ದು ಸಾವಿರಗಳಲ್ಲಿ ಮುಗಿಯುವುದು ಹೀಗೆ.

ಇನ್ನು ಸಿವಿಟಿ. ಇದರಲ್ಲಿ ಗೇರುಗಳೇ ಇಲ್ಲ. ಎರಡು ಪುಲ್ಲಿಗಳ ನಡುವೆ ಒಂದು ಉಕ್ಕಿನ ಬೆಲ್ಟ್. ಪೆಟ್ರೋಲು ಉಳಿಸುತ್ತದೆ, ಓಡಿಸಲು ಮೃದು. ಆದರೆ ಬೆಲ್ಟ್ ಜಾರಿದರೆ ಪುಲ್ಲಿಗೆ ಗೀರು ಬೀಳುತ್ತದೆ, ಲೋಹದ ಪುಡಿ ಆಯಿಲಿನಲ್ಲಿ ಸೇರಿ ಉಳಿದದ್ದನ್ನೂ ತಿನ್ನುತ್ತದೆ. ಇದು ಬರೀ ಗ್ಯಾರೇಜಿನವರ ಕಥೆ ಅಲ್ಲ. ನಿಸ್ಸಾನ್ ಕಂಪೆನಿ ತಾನೇ 2009ರಲ್ಲಿ ಅಮೆರಿಕದಲ್ಲಿ 2003ರಿಂದ 2010ರ ತನಕದ ತನ್ನ ಸಿವಿಟಿ ಕಾರುಗಳಿಗೆ ಗೇರ್‌ಬಾಕ್ಸ್ ವಾರಂಟಿಯನ್ನು 10 ವರ್ಷ ಅಥವಾ 1,20,000 ಮೈಲಿಗೆ ಏರಿಸಿತ್ತು. ಆಸ್ಟ್ರೇಲಿಯಾದಲ್ಲಿ ಫೋರ್ಡ್‌ನ ಪವರ್‌ಶಿಫ್ಟ್ ಗೇರ್‌ಬಾಕ್ಸ್ ನಡುಗುತ್ತದೆ ಅಂತ ದೂರು ಕೊಟ್ಟವರಿಗೆ ‘ನೀವು ಓಡಿಸುವ ರೀತಿಯೇ ಸರಿಯಿಲ್ಲ’ ಅಂತ ಉತ್ತರ ಸಿಗುತ್ತಿತ್ತು. ಗಿರಾಕಿಗಳನ್ನು ಹೀಗೆ ನಡೆಸಿಕೊಂಡದ್ದಕ್ಕೆ ಅಲ್ಲಿನ ಫೆಡರಲ್ ಕೋರ್ಟ್ 2018ರಲ್ಲಿ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಅಂಥ ಉತ್ತರ ಇಲ್ಲಿ ಎಷ್ಟು ಜನ ಕೇಳಿಲ್ಲ ಹೇಳಿ. ಬೇರೆ ಬೇರೆ ದೇಶಗಳ ಆ ತೀರ್ಪು, ಆ ವಾರಂಟಿ ನಮ್ಮ ಕೈಗೆ ಒಂದು ದಿರ್ಹಮ್ ತರುವುದಿಲ್ಲ. ಹತ್ತು ವರ್ಷ ಹಳೆಯ ಗಾಡಿ ಮೂರನೇ ಕೈಗೆ ಬಂದಾಗ ವಾರಂಟಿ ನಮ್ಮ ಜೇಬೇ.

‘ಇದರ ಆಯಿಲ್ ಜೀವನಪೂರ್ತಿ ಬರುತ್ತೆ, ಮುಟ್ಟಬೇಡಿ’ ಎಂಬ ಮಾತನ್ನು ನಂಬಬೇಡಿ. ಯಾರ ಜೀವನ? ಅನೇಕ ಕಾರು ಕಂಪೆನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪೆನಿ ತನ್ನ ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳಿಗೆ 80,000ದಿಂದ 1,20,000 ಕಿಲೋಮೀಟರ್ ಒಳಗೆ, ತಡವೆಂದರೆ ಎಂಟು ವರ್ಷಕ್ಕೆ, ಆಯಿಲ್ ಬದಲಿಸಲು ಹೇಳುತ್ತದೆ. ನಮ್ಮ ಬಿಸಿಲಿಗೆ ಅದಕ್ಕಿಂತ ಮೊದಲೇ ಬದಲಿಸಿದರೆ ನಷ್ಟ ಇಲ್ಲ. ಒಂದೇ ಎಚ್ಚರ: ಸಿವಿಟಿಗೆ ಸಿವಿಟಿಯ ಆಯಿಲೇ ಆಗಬೇಕು. ‘ಎಲ್ಲ ಒಂದೇ ಭಾಯ್’ ಅಂತ ಉಸ್ತಾದ್ ಕೆಂಪು ಡಬ್ಬದಿಂದ ಸುರಿಯಲು ಹೊರಟರೆ ಕೈ ಹಿಡಿಯಿರಿ. (ಗ್ಯಾರೇಜಿನ ಉಸ್ತಾದ್. ಮದ್ರಸದ ಉಸ್ತಾದರಿಗೂ ಇವರಿಗೂ ಸಂಬಂಧ ಇಲ್ಲ.)

ವರ್ಷಕ್ಕೊಮ್ಮೆ ಮುಲ್ಕಿಯಾ ನವೀಕರಿಸಲು ಪಾಸಿಂಗ್ ಆಗುತ್ತದಲ್ಲ, ಅದು ಗೇರ್‌ಬಾಕ್ಸಿಗೆ ಸರ್ಟಿಫಿಕೇಟ್ ಅಲ್ಲ. ಅಲ್ಲಿ ನೋಡುವುದು ಗಾಡಿ ರಸ್ತೆಗೆ ಸುರಕ್ಷಿತವೋ ಅಂತ: ಬ್ರೇಕ್, ಟೈರ್, ಲೈಟ್, ಹೊಗೆ, ಚಾಸಿ. ‘ನಿನ್ನೆ ಪಾಸಿಂಗ್ ಆದ ಗಾಡಿ’ ಎಂದು ಮಾರುವವರ ಮಾತಿನಿಂದ ಗೇರ್‌ಬಾಕ್ಸ್ ಎಷ್ಟು ದಿನ ಬಾಳುತ್ತದೆಂದು ತಿಳಿಯುವುದಿಲ್ಲ. ಇನ್ಶೂರೆನ್ಸ್ ಕೂಡ ಅಪಘಾತಕ್ಕೆ. ಒಳಗಿಂದ ಸವೆದದ್ದಕ್ಕೆ ಅಲ್ಲ. ಫುಲ್ ಇನ್ಶೂರೆನ್ಸ್ ಇದ್ದರೂ ಅಷ್ಟೇ.

ಹಾಗಾಗಿ ಕೊಳ್ಳುವ ದಿನವೇ ನೋಡಬೇಕು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಹೋಗಿ. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಡಿ ಮತ್ತು ಆರ್‌ಗೆ ಹಾಕಿದಾಗ ತಡೆದು ತಡೆದು ಹಿಡಿಯುತ್ತದೆಯೇ, ಧಡಕ್ ಅನ್ನುತ್ತದೆಯೇ ಗಮನಿಸಿ. ಆಮೇಲೆ ಅರ್ಧ ಗಂಟೆ ಎ.ಸಿ. ಹಾಕಿ ಟ್ರಾಫಿಕ್‌ನಲ್ಲೇ ಓಡಿಸಿ, ಏಕೆಂದರೆ ಅನೇಕ ಗೇರ್‌ಬಾಕ್ಸುಗಳು ಕಾದ ಮೇಲೆಯೇ ನಿಜ ಹೇಳುವುದು. ಶಾರ್ಜಾದಲ್ಲಿ ಘಾಟಿ ಎಲ್ಲಿಂದ ತರೋದು. ಮಾಲ್‌ನ ಬಹುಮಹಡಿ ಪಾರ್ಕಿಂಗ್ ಹತ್ತಿಸಿ ನೋಡಿ. ಇಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ ಅಂತಾದರೆ ಅಲ್ಲಿಗೇ ಬಿಡಿ. ಟೆಸ್ಟಿಂಗ್ ಸೆಂಟರುಗಳಲ್ಲಿ ಹಣ ಕೊಟ್ಟರೆ ಪೂರ್ತಿ ತಪಾಸಣೆ ಮಾಡಿ ಕಾಗದ ಕೊಡುತ್ತಾರೆ. ಅದನ್ನು ಉಳಿಸಲು ಹೋಗಬೇಡಿ. ಅಮೆರಿಕದಿಂದ ಅಪಘಾತವಾಗಿ ಬಂದು ಇಲ್ಲಿ ಬಣ್ಣ ಹಚ್ಚಿಸಿಕೊಂಡ ಗಾಡಿಯೋ, ಈ ಬಿಸಿಲಿಗೆಂದೇ ಬಂದ ಜಿಸಿಸಿ ಗಾಡಿಯೋ ಎಂಬುದನ್ನೂ ಚಾಸಿ ನಂಬರ್ ಹಿಡಿದು ತಿಳಿದುಕೊಳ್ಳಿ.

ಈಗ ಗೇರ್‌ಬಾಕ್ಸ್ ಹೋಗಿಯೇ ಬಿಟ್ಟಿದೆ ಅಂದುಕೊಳ್ಳಿ. ಲೆಕ್ಕ ಬರೆದೇ ಬದುಕುವ ನಮಗೆ ಇಲ್ಲಿ ಸ್ವಲ್ಪ ಹೆಚ್ಚು ಹೇಳಲಿಕ್ಕಿದೆ. ಒಂದು ಉದಾಹರಣೆ ಹಿಡಿಯುವ. ಗಾಡಿ ಕೊಂಡದ್ದು 14,000ಕ್ಕೆ. ಗೇರ್‌ಬಾಕ್ಸ್ ಕೂಲಿ ಸೇರಿ 5,500. ಸರಿಯಾದ ಮೇಲೆ ಮಾರಿದರೆ 10,000, ಹಾಗೇ ಮಾರಿದರೆ 5,000. ‘14,000 ಹಾಕಿದ್ದೇನೆ, ಹೇಗೆ ಬಿಡೋದು?’ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಆ 14,000 ಹೋಗಿ ಆಯಿತು, ಇವತ್ತಿನ ಲೆಕ್ಕದಲ್ಲಿ ಅದು ಇಲ್ಲ. ಮಾರುವುದೇ ಉದ್ದೇಶವಾದರೆ, 10,000ದಲ್ಲಿ 5,500 ಕಳೆದು 4,500. ಹಾಗೇ ಕೊಟ್ಟರೆ 5,000. ರಿಪೇರಿ ನಷ್ಟ. ಆದರೆ ಇನ್ನೆರಡು ವರ್ಷ ಓಡಿಸುವುದಿದ್ದು, ಇಂಜಿನ್, ಎ.ಸಿ., ಬಾಡಿ ಗಟ್ಟಿ ಇದ್ದರೆ, 5,500ನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 230. ಬೇರೆ ಗಾಡಿ ಕೊಳ್ಳಲು ಇನ್ನೂ 9,000 ಸೇರಿಸಬೇಕು, ಅದರ ಗೇರ್‌ಬಾಕ್ಸ್ ಹೇಗಿದೆಯೋ ದೇವರೇ ಬಲ್ಲ. ಆಗ ರಿಪೇರಿಯೇ ಲೇಸು. ಇಂಜಿನ್ನೂ ಆಯಿಲ್ ಕುಡಿಯುತ್ತಿದೆ, ಎ.ಸಿ.ಯೂ ಸರಿಯಿಲ್ಲ ಅಂದರೆ ಮೂರನೆಯ ಮಾತೇ ಬೇಡ, ಕೊಟ್ಟುಬಿಡಿ. ವೀಸಾ ಮುಗಿಯಲು ಆರು ತಿಂಗಳಿದ್ದು, ಊರಿಗೆ ಹೋಗುವ ಯೋಚನೆ ಇದ್ದರೂ ಅದೇ.

ರಿಪೇರಿ ಎಂದರೆ ಎರಡು ದಾರಿ. ಇದ್ದದ್ದನ್ನೇ ಬಿಚ್ಚಿ ಕಟ್ಟುವುದು, ಇಲ್ಲವೇ ಸಜಾದ ಯಾರ್ಡುಗಳಿಂದ ಬಳಸಿದ ಗೇರ್‌ಬಾಕ್ಸ್ ತಂದು ಕೂರಿಸುವುದು. ಎರಡನೆಯದು ಅಗ್ಗ, ಆದರೆ ಇನ್ನೊಂದು ಗಾಡಿಯ ಹಳೆ ಸಮಸ್ಯೆ ಬರಲೂಬಹುದು. ಯಾವುದಾದರೂ ಬಿಲ್ ಮೇಲೆ ಗೇರ್‌ಬಾಕ್ಸ್ ನಂಬರ್, ನಿಮ್ಮ ಚಾಸಿ ನಂಬರ್, ವಾರಂಟಿ ಎಷ್ಟು ದಿನ, ಕೂಲಿಯೂ ಸೇರಿದೆಯೋ ಇಲ್ಲವೋ ಎಂಬುದನ್ನು ಬರೆಸಿಕೊಳ್ಳಿ. ಬಾಯಿಮಾತಿನ ಒಂದು ತಿಂಗಳ ವಾರಂಟಿ ಮೂವತ್ತೊಂದನೇ ದಿನ ಅಲ್ಲ, ಮೂರನೇ ದಿನವೇ ಮುಗಿಯುವುದುಂಟು. ಕಂಪ್ಯೂಟರಿಗೆ ಹಚ್ಚಿ ನೋಡದೆ ಗೇರ್‌ಬಾಕ್ಸೇ ಹೋಗಿದೆ ಎನ್ನುವವರ ಹತ್ತಿರ ಗಾಡಿ ಬಿಡಬೇಡಿ; ಕೆಲವು ಸಲ ಒಂದು ಸಾಲೆನಾಯ್ಡ್ ಅಥವಾ ಒಂದು ವಯರ್ ಮಾತ್ರ ಕೆಟ್ಟಿರುತ್ತದೆ.

ಗಾಡಿ ಕೊಂಡ ತಿಂಗಳಿನಿಂದಲೇ 150 ದಿರ್ಹಮ್ ಬೇರೆ ಇಡಿ. ಮೂರು ವರ್ಷಕ್ಕೆ 5,400. ಅಷ್ಟು ಇಡಲಾಗದಿದ್ದರೆ ಆ ಗಾಡಿ ನಿಮ್ಮ ಸಂಬಳಕ್ಕೆ ದೊಡ್ಡದು ಅಂತಲೇ ಅರ್ಥ. ಇನ್ನೂ ಚಿಕ್ಕದನ್ನು, ಸಾದಾ ಗೇರ್‌ಬಾಕ್ಸಿನದನ್ನು ನೋಡಿ.

ಹೇಳಲು ಕಷ್ಟವಾದ ಒಂದು ವಿಷಯ ಉಳಿದಿದೆ. ಇಂಥ ಗಾಡಿಗಳು ಹೆಚ್ಚಾಗಿ ಕೈ ಬದಲಾಗುವುದು ನಮ್ಮ ನಮ್ಮೊಳಗೇ. ಒಬ್ಬರು ಕ್ಯಾನ್ಸಲ್ ಮಾಡಿ ಊರಿಗೆ ಹೊರಡುತ್ತಾರೆ, ಅದೇ ರೂಮಿನ ಇನ್ನೊಬ್ಬರು ‘ನಮ್ಮವರ ಗಾಡಿ’ ಅಂತ ಪರೀಕ್ಷೆ ಮಾಡದೆ ಕೊಳ್ಳುತ್ತಾರೆ. ಎರಡು ವಾರಕ್ಕೆ ಗೇರ್ ಜಾರುತ್ತದೆ. ಮಾರಿದವರ ಫೋನ್ ಆಗ ಮಂಗಳೂರಿನ ನಂಬರ್. ಐಬು ಮುಚ್ಚಿ ಮಾರಬಾರದು ಎಂದು ಚಿಕ್ಕಂದಿನಲ್ಲೇ ಕಲಿತವರು ನಾವು. ಗೇರ್ ಹಿಡಿಯಲು ತಡವಾಗುತ್ತದೆ ಎಂದು ಹೇಳಿ ಒಂದು ಸಾವಿರ ಕಡಿಮೆ ಮಾಡಿದರೆ ಕೊಳ್ಳುವವರು ಆ ಸಾವಿರವನ್ನು ರಿಪೇರಿಗೆ ಇಟ್ಟುಕೊಳ್ಳುತ್ತಾರೆ. ಕೊಳ್ಳುವವರೂ ದಾಕ್ಷಿಣ್ಯ ಬಿಟ್ಟು ಟೆಸ್ಟಿಂಗ್‌ಗೆ ಒಯ್ಯಿರಿ. ಅದರಲ್ಲಿ ಅವಮಾನ ಏನಿಲ್ಲ.

ಗೇರ್‌ಬಾಕ್ಸಿಗೆ ಕೈಸಾಲ ಕೇಳುವವರನ್ನು ಅನುಮಾನದಿಂದ ನೋಡಬಾರದು ಎಂಬುದು ನಮ್ಮ ಅಭಿಪ್ರಾಯ. ದುಡಿಮೆ ಆ ಗಾಡಿಯ ಮೇಲೆ ನಿಂತಿದ್ದರೆ ಅದೂ ಹೊಟ್ಟೆಪಾಡಿನ ಸಾಲವೇ. ಬರುವಾಗ ಮುಲ್ಕಿಯಾದ ಪ್ರತಿ, ಸ್ಕ್ಯಾನ್ ರಿಪೋರ್ಟ್, ಎರಡು ಬೇರೆ ಗ್ಯಾರೇಜುಗಳು ಬರೆದುಕೊಟ್ಟ ದರ, ಮತ್ತು ಆ ಗಾಡಿ ಇನ್ನೆಷ್ಟು ವರ್ಷ ಬೇಕು ಎಂಬ ನಿಮ್ಮದೇ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ. ಲೆಕ್ಕ ಹಾಕಲು ಬಾರದಿದ್ದರೆ ಹಾಳೆ ಖಾಲಿಯೇ ತನ್ನಿ, ಜೊತೆ ಕೂತು ಬರೆಯುವ.