ಮನೆಯೇ ಶಾಲೆಯಾದರೆ ಊರ ಶಾಲೆ ಯಾರದು?

ಮಕ್ಕಳನ್ನು ಶಾಲೆಗೆ ಸೇರಿಸದೆ ತಾಯಿತಂದೆಯರೇ ಮನೆಯಲ್ಲಿ ಕಲಿಸಿ ಬೆಳೆಸುವ ಪದ್ಧತಿಗೆ ಹೋಮ್ ಸ್ಕೂಲಿಂಗ್ ಎಂದು ಹೆಸರು. ಅಮೆರಿಕದ ಅನೇಕ ಕ್ರೈಸ್ತ ಕುಟುಂಬಗಳಲ್ಲಿ ರೂಢಿಯಲ್ಲಿರುವ ಈ ಮನೆಶಾಲೆಯ ವಿಚಾರ ಬೆಂಗಳೂರಿನ ಕೆಲವು ವಿದ್ಯಾವಂತ ಮನೆಗಳಿಗೆ ಬಂದು ವರ್ಷಗಳೇ ಕಳೆದಿವೆ. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ನಗರವು ದೇವನಹಳ್ಳಿಯತ್ತ ಹರಿದು ಬಂದಿದೆ. ಅದರೊಡನೆ ನಗರದ ವಿಚಾರಗಳೂ ಬಂದಿವೆ. ಊರ ಸರ್ಕಾರಿ ಶಾಲೆಯ ಸ್ಥಿತಿಯನ್ನೂ ಖಾಸಗಿ ಶಾಲೆಯ ಶುಲ್ಕವನ್ನೂ ಕಂಡು ಬೇಸತ್ತ ಪೋಷಕರು, ನಮ್ಮ ಮಕ್ಕಳನ್ನು ನಾವೇ ಏಕೆ ಓದಿಸಬಾರದು ಎಂದು ಕೇಳುವುದು ಸಹಜ. ಕ್ರೈಸ್ತ ಪೋಷಕರಾದ ನಾವು ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಹಾಗೆಯೇ ಅದನ್ನು ಅರ್ಧಕ್ಕೆ ಯೋಚಿಸಿ ಬಿಡಲೂಬಾರದು.

ಧರ್ಮಸಭೆಯ ಬೋಧನೆ ಮೊದಲ ನೋಟಕ್ಕೆ ಈ ಪೋಷಕರ ಪರವಾಗಿಯೇ ಇದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ ತಾಯಿತಂದೆಯರೇ ಮಕ್ಕಳ ಪ್ರಥಮ ಹಾಗೂ ಪ್ರಧಾನ ಶಿಕ್ಷಕರೆಂದು ಸಾರಿದೆ. 1981ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಕುಟುಂಬವನ್ನು ಕುರಿತ ತಮ್ಮ ಪ್ರಬೋಧನೆಯಲ್ಲಿ, ಈ ಹೊಣೆಯನ್ನು ಇತರರಿಗೆ ಸಂಪೂರ್ಣವಾಗಿ ಒಪ್ಪಿಸಿಬಿಡಲಾಗದು ಎಂದರು. ಆದರೆ ಅದೇ ಘೋಷಣೆಯು ಈ ಕಾರ್ಯಕ್ಕೆ ಇಡೀ ಸಮಾಜದ ನೆರವು ಬೇಕೆಂದೂ, ಬಡವರ ಮತ್ತು ಕುಟುಂಬದ ಆಸರೆಯಿಲ್ಲದವರ ಶಿಕ್ಷಣಕ್ಕೆ ವಿಶೇಷ ಗಮನ ಸಲ್ಲಬೇಕೆಂದೂ ಹೇಳಿದೆ. ಪೋಷಕರು ಶಿಕ್ಷಕರೊಡನೆ ಸೌಹಾರ್ದದ, ಸಕ್ರಿಯ ಸಂಬಂಧ ಇರಿಸಿಕೊಳ್ಳುವುದು ಕರ್ತವ್ಯವೆಂದು ಆ ಪ್ರಬೋಧನೆಯೂ ತಿಳಿಸಿದೆ. ಹಕ್ಕಿನ ವಾಕ್ಯವನ್ನು ಮಾತ್ರ ಓದಿ ಹೊಣೆಯ ವಾಕ್ಯವನ್ನು ಬಿಟ್ಟರೆ ಓದು ಪೂರ್ಣವಾಗದು.

ಪೋಷಕರ ಬೇಸರಕ್ಕೆ ಕಾರಣಗಳಿಲ್ಲದಿಲ್ಲ. ಖಾಲಿ ಬಿದ್ದ ಹುದ್ದೆಗಳಿಗೆ ವರ್ಷ ವರ್ಷವೂ ಅತಿಥಿ ಶಿಕ್ಷಕರನ್ನು ನೆಚ್ಚುವ ಪರಿಪಾಠ ನಮಗೆಲ್ಲ ತಿಳಿದದ್ದೇ. ಇದ್ದ ಶಿಕ್ಷಕರೂ ಗಣತಿ, ಚುನಾವಣೆ, ಸಮೀಕ್ಷೆಗಳಿಗೆ ಓಡಾಡಬೇಕು. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. 2024ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ಕ್ಯಾಮೆರಾಗಳು ಕೊಠಡಿಗಳ ಮೇಲೆ ಕಣ್ಣಿಟ್ಟಾಗ, ಕೃಪಾಂಕವನ್ನು ಹೆಚ್ಚಿಸಿದರೂ, ಉತ್ತೀರ್ಣರ ಪ್ರಮಾಣ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು. ಇದು ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಶಾಲೆಗಳನ್ನೂ ಒಳಗೊಂಡ ಲೆಕ್ಕ. ಶುಲ್ಕ ತೆತ್ತವರೂ ನಿಶ್ಚಿಂತರಾಗಿರುವಂತಿಲ್ಲ.

ಇನ್ನು ಕಾಯಿದೆಯ ಮಾತು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆನ್ನುತ್ತದೆ. ಮನೆಶಾಲೆಯ ಹೆಸರನ್ನೇ ಅದು ಎತ್ತುವುದಿಲ್ಲ. ಮನೆಯಲ್ಲಿ ಓದಿದವರು 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಯಬಹುದು. ದಾರಿ ಇದೆ, ಆದರೆ ಅದು ಬಿಡುವುಳ್ಳವರ, ಓದಿದವರ ದಾರಿ.

ಮನೆಯೇ ಶಾಲೆಯಾದರೆ ಏನಾಗುವುದೆಂಬುದನ್ನು ನಾಡು ಒಮ್ಮೆ ಕಣ್ಣಾರೆ ಕಂಡಿದೆ. ಕೊರೋನಾದಿಂದಾಗಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಪ್ರಾಥಮಿಕ ಶಾಲೆಗಳಲ್ಲಿ 1ರಿಂದ 5ನೆಯ ತರಗತಿಯ ಮಕ್ಕಳಿಗೆ ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಪುಸ್ತಕವೂ ಫೋನೂ ಓದಿದ ತಾಯಿಯೂ ಇದ್ದ ಮನೆಯ ಮಗು ಹೇಗೋ ಕಲಿಯಿತು. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಮುಂದೆ ತಂದೆತಾಯಿ ಇಬ್ಬರೂ ದುಡಿಯುವ ಮನೆಯ ಮಗುವಿಗೆ, ಹೊಸಕೋಟೆ, ನೆಲಮಂಗಲಗಳ ಕಾರ್ಖಾನೆ, ಗೋದಾಮುಗಳಿಗೆ ದೂರದಿಂದ ವಲಸೆ ಬಂದವರ ಮಗುವಿಗೆ, ಕಲಿಸುವವರು ಯಾರಿದ್ದರು? 2020ರಲ್ಲಿ 'ವಿದ್ಯಾಗಮ'ದ ಹೆಸರಿನಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ ಮಕ್ಕಳಿರುವೆಡೆಗೆ ಹೋಗಿ, ಮರದ ನೆರಳಿನಲ್ಲಿ, ಗುಡಿಯ ಜಗುಲಿಯಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಆ ದಿನಗಳು ಕಲಿಸಿದ ಪಾಠವೊಂದೇ: ಮನೆಗಳು ಸಮಾನವಾಗಿಲ್ಲ; ಆ ಅಸಮಾನತೆಯನ್ನು ಅಷ್ಟಿಷ್ಟಾದರೂ ತುಂಬಿಕೊಡುವುದು ಊರ ಶಾಲೆಯೊಂದೇ.

ಆದುದರಿಂದ ಮನೆಶಾಲೆಯ ಪ್ರಶ್ನೆ ನಮ್ಮ ಮಗು ಜಾಣನಾಗುವುದೇ ಎಂಬಷ್ಟಕ್ಕೆ ಮುಗಿಯುವುದಿಲ್ಲ. ಓದುಬರಹ ಬಲ್ಲ, ಅಧಿಕಾರಿಯೆದುರು ನಿಂತು ಮಾತನಾಡಬಲ್ಲ ಪೋಷಕರು ಒಬ್ಬೊಬ್ಬರಾಗಿ ಊರ ಶಾಲೆಯನ್ನು ಬಿಟ್ಟಾಗ ಅಲ್ಲಿ ಉಳಿಯುವವರು ಕೇಳುವ ದನಿಯಿಲ್ಲದವರು. ಶಿಕ್ಷಕರಿಲ್ಲವೆಂದು, ಸೂರು ಸೋರುತ್ತದೆಂದು, ಶೌಚಾಲಯಕ್ಕೆ ನೀರಿಲ್ಲವೆಂದು ಅರ್ಜಿ ಬರೆಯುವವರಾರು? ಮಗುವನ್ನು ಖಾಸಗಿ ಶಾಲೆಯ ಹಳದಿ ಬಸ್ಸಿಗೆ ಹತ್ತಿಸಿದರೂ, ಮನೆಯಲ್ಲಿಯೇ ಕೂರಿಸಿಕೊಂಡರೂ, ಊರ ಶಾಲೆಯ ಪಾಲಿಗೆ ಫಲ ಒಂದೇ.

ಈ ಮಾತನ್ನು ನಮ್ಮ ಸಂಸ್ಥೆಗಳಿಗೂ ಅನ್ವಯಿಸದಿದ್ದರೆ ನ್ಯಾಯವಾಗದು. ಬಡ ಮಕ್ಕಳಿಗೆ ಶೇ. 25ರಷ್ಟು ಸ್ಥಾನ ಕೊಡುವ ನಿಯಮದಿಂದ ಅಲ್ಪಸಂಖ್ಯಾತರ ಶಾಲೆಗಳಿಗೆ 2014ರ ಮೇ 6ರ ಸುಪ್ರೀಂ ಕೋರ್ಟಿನ ತೀರ್ಪು ವಿನಾಯಿತಿ ನೀಡಿತು. 2025ರ ಸೆಪ್ಟೆಂಬರ್ 1ರಂದು ಅದೇ ನ್ಯಾಯಾಲಯದ ಪೀಠವೊಂದು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ವಿಷಯವನ್ನು ಹಿರಿಯ ಪೀಠದ ಪರಿಶೀಲನೆಗೆ ಬಿಟ್ಟಿತು. ಕಾನೂನು ಏನೇ ಹೇಳಲಿ, ಅದು ಕೇಳುವ ಮುನ್ನವೇ ಬಡ ಮಗುವಿಗೆ ಬಾಗಿಲು ತೆರೆಯುವುದು ಶುಭಸಂದೇಶದ ಹೆಸರಿನಲ್ಲಿ ನಡೆಯುವ ಶಾಲೆಗಳಿಗೆ ಶೋಭೆ.

ಮಾಡಬಹುದಾದ ಕೆಲಸ ಕಣ್ಣೆದುರಿಗೇ ಇದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಶಾಲಾ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೂ ಅರ್ಧದಷ್ಟು ಮಹಿಳೆಯರೂ ಇರಬೇಕೆಂದು ಶಿಕ್ಷಣ ಹಕ್ಕು ಕಾಯಿದೆ ವಿಧಿಸಿದೆ. ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳುಹಿಸುವ ನಮ್ಮ ತಾಯಂದಿರು ಆ ಸಭೆಗೆ ತಪ್ಪದೆ ಹೋಗಬೇಕು. ಬರಿಯ ಸಹಿ ಹಾಕಿ ಮರಳದೆ ಪ್ರಶ್ನೆ ಕೇಳಬೇಕು. 2020ರ ನವೆಂಬರ್‌ನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳನ್ನು ಮಕ್ಕಳಿಗೆ ಉಚಿತವಾಗಿ ತೆರೆಯಿತು. ಅಲ್ಲಿಗೆ ನಮ್ಮ ಮಕ್ಕಳ ಜೊತೆಗೆ ನೆರೆಮನೆಯ ಮಕ್ಕಳನ್ನೂ ಕೈಹಿಡಿದು ಕರೆದೊಯ್ಯೋಣ. ಧರ್ಮೋಪದೇಶದ ತರಗತಿಗೆ ತೆರೆಯುವ ಚರ್ಚಿನ ಸಭಾಂಗಣ ವಾರದ ಎರಡು ಸಂಜೆ ಜಾತಿಮತದ ಭೇದವಿಲ್ಲದೆ ಎಲ್ಲ ಮಕ್ಕಳ ಓದಿಗೂ ತೆರೆಯಲಿ. ನಿವೃತ್ತ ಶಿಕ್ಷಕರು, ಕಾಲೇಜು ಮೆಟ್ಟಿಲೇರಿದ ಯುವಜನರು ಅಲ್ಲಿ ಕುಳಿತು ಲೆಕ್ಕ ಹೇಳಿಕೊಡಲಿ, ಕನ್ನಡ ಓದಿಸಲಿ. ಮನೆಯಲ್ಲಿ ಕಲಿಸುವ ಶ್ರದ್ಧೆಯುಳ್ಳ ಪೋಷಕರು ಅಂಥ ಸಂಜೆಗಳಿಗೆ ಎಲ್ಲರಿಗಿಂತ ಮೊದಲು ಬೇಕಾದವರು.

ಮಗು ಏಕೆ ಸುಳ್ಳಾಡಬಾರದು, ಹಸಿದವನೊಡನೆ ಏಕೆ ಹಂಚಿ ತಿನ್ನಬೇಕು ಎಂಬುದನ್ನು ಮನೆಯೇ ಕಲಿಸಬೇಕು. ಜಪಸರದ ಹೊತ್ತು ಮನೆಯದೇ. ಆದರೆ ನಜರೇತಿನ ಮನೆಯಲ್ಲಿ ಬೆಳೆದ ಬಾಲಯೇಸುವನ್ನು ಹನ್ನೆರಡನೆಯ ವಯಸ್ಸಿನಲ್ಲಿ ನಾವು ಕಾಣುವುದು ದೇವಾಲಯದ ಬೋಧಕರ ನಡುವೆ, ಅವರ ಮಾತು ಕೇಳುತ್ತ, ಅವರನ್ನು ಪ್ರಶ್ನಿಸುತ್ತ ಕುಳಿತಂತೆ ಎಂದು ಸಂತ ಲೂಕರ ಶುಭಸಂದೇಶ ತಿಳಿಸುತ್ತದೆ. ಮನೆಯಲ್ಲಿ ಹಚ್ಚಿದ ದೀಪವನ್ನು ಮನೆಯೊಳಗೇ ಮುಚ್ಚಿಡದೆ ಊರ ಶಾಲೆಯ ಜಗುಲಿಗೂ ಒಯ್ಯುವುದು ಕ್ರೈಸ್ತ ಪೋಷಕರ ಧರ್ಮವೆಂದು ನಾವು ನಂಬುತ್ತೇವೆ.