ಹೊಳಪು ಬ್ಯಾಡ, ಫೈಲು ತೋರಸ್ರಿ

ಇವತ್ತು ಯಾವ ಕಾರ್ ಶೋರೂಮಿಗೆ ಹೋದರೂ ‘ಟರ್ಬೊ’ ಅನ್ನೋ ಮಾತು ಬಾಗಿಲಲ್ಲೇ ಎದುರಾಗುತ್ತೆ. ಮೂರು ಸಿಲಿಂಡರಿನ ಸಣ್ಣ ಎಂಜಿನ್ನಿಗೂ ಟರ್ಬೊ, ಹತ್ತು ಲಕ್ಷದ ಗಾಡಿಗೂ ಟರ್ಬೊ. 2004ರಲ್ಲಿ ಹಾಗಿರಲಿಲ್ಲ. ಡೀಸೆಲ್ ಗಾಡಿಯಲ್ಲಿ ಟರ್ಬೊ ಇತ್ತು. ಪೆಟ್ರೋಲ್ ಕಾರಿನಲ್ಲಿ ಅಪರೂಪ. ನಮ್ಮ ಯಲವಿಗಿ ಕಡೆಗಂತೂ ಕಾರು ಅಂದ್ರೆ ಮಾರುತಿ 800, ಮದುವೆ ದಿಬ್ಬಣಕ್ಕೆ ಟಾಟಾ ಸುಮೊ, ಸಂತೆಗೆ ಟ್ರ್ಯಾಕ್ಸ್. ಆ ವರ್ಷ ಸ್ಕೋಡಾದವರು ಭಾರತಕ್ಕೆ ಆಕ್ಟೇವಿಯಾ ಆರ್‌ಎಸ್ ತಂದರು. 1.8 ಲೀಟರ್ ಪೆಟ್ರೋಲ್ ಎಂಜಿನ್, ಒಂದೊಂದು ಸಿಲಿಂಡರಿಗೆ ಐದೈದರಂತೆ 20 ವಾಲ್ವ್, ಮೇಲೊಂದು ಟರ್ಬೊ, 150 ಅಶ್ವಶಕ್ತಿ. ಯುರೋಪಿನ ಆರ್‌ಎಸ್‌ಗೆ 180 ಇತ್ತು, ನಮಗೆ 30 ಕಡಿಮೆ ಮಾಡಿ ಕೊಟ್ಟರು. ಆಗ ಅದನ್ನ ಕೇಳೋರು ಯಾರು? 150 ಅಂದ್ರೇನೇ ಬಾಯಿ ಬಿಟ್ಟು ನೋಡೋ ಕಾಲ.

ಆ ಕಾರಿಗೆ ಈಗ ಇಪ್ಪತ್ತು ವರ್ಷ ದಾಟಿದೆ. ಅದರ ಪೋಸ್ಟರನ್ನ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿದ್ದ ಹುಡುಗರಿಗೆ ಮೂವತ್ತರ ಮೇಲಾಗಿದೆ. ಕೈಯಲ್ಲಿ ಸಂಬಳ ಇದೆ, ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಹುಡುಕೋ ಚಟವೂ ಇದೆ. ನನ್ನ ತಂಗಿಯ ಮಗ ಅವರಲ್ಲಿ ಒಬ್ಬ. ಬೆಂಗಳೂರಿನಲ್ಲಿ ಕೆಲಸ, ಮನಸ್ಸು ಮಾತ್ರ ಯಾವಾಗಲೂ ಹೈವೇ ಮೇಲೆ. ಹೋದ ತಿಂಗಳು ಫೋನ್ ಮಾಡಿದ.

“ಮಾಮಾ, ಆರ್‌ಎಸ್ ಒಂದು ಸಿಕ್ಕೈತಿ. ಸ್ವಿಫ್ಟ್ ಕೊಟ್ಟು ಅದನ್ನ ತರಬೇಕಂತ ಮಾಡೇನಿ.”

“ಸ್ವಿಫ್ಟ್ ಕೊಟ್ರ, ನಿಮ್ಮವ್ವನ್ನ ದವಾಖಾನಿಗೆ ಯಾವುದ್ರಾಗ ಕರ್ಕೊಂಡ ಹೋಗ್ತೀಯೋ ತಮ್ಮಾ?”

“ಇದ್ರಾಗ ರೀ. ಡಿಕ್ಕಿ ನೋಡೀರೇನು, ಎಷ್ಟ ದೊಡ್ಡದೈತಿ!”

ಡಿಕ್ಕಿ ದೊಡ್ಡದು ಅನ್ನೋದು ಖರೆ. 528 ಲೀಟರ್. ಹಿಂದಿನ ಗಾಜಿನ ಸಮೇತ ಬಾಗಿಲು ಮೇಲೆ ಎದ್ದು ನಿಲ್ಲುತ್ತೆ, ಬ್ಯಾಡಗಿ ಮೆಣಸಿನಕಾಯಿ ಚೀಲ ಮಡಚದೆ ಒಳಗೆ ಹೋಗುತ್ತೆ. (ವಾಸನೆ ಆರು ತಿಂಗಳು ಹೋಗಲ್ಲ, ಅದು ಬೇರೆ ಮಾತು.) ಆದರೆ ನನ್ನ ತಂಗಿಗೆ ಹೃದಯದ ತೊಂದರೆ ಇದೆ, ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗಲೇಬೇಕು, ಕೆಲವೊಮ್ಮೆ ನಡುರಾತ್ರಿಯೂ ಹೋಗಿದ್ದುಂಟು. ಹಾಗಾಗಿ ಪ್ರಶ್ನೆ ಡಿಕ್ಕಿಯದ್ದಲ್ಲ. ಇಪ್ಪತ್ತು ವರ್ಷದ ಟರ್ಬೊ ಕಾರು ಒಂದು ಮನೆಯ ಒಂದೇ ಕಾರಾಗಿ ಇರಬಹುದಾ ಅನ್ನೋದು.

ನನ್ನ ಹತ್ತಿರ 2005ರ ಆರ್‌ಎಸ್ ಇದೆ, ಏಳು ವರ್ಷದಿಂದ ಓಡಿಸ್ತಾ ಇದ್ದೀನಿ. ಆ ಹಕ್ಕಿನ ಮೇಲೆ ಈ ಅಂಕಣ.

ಟರ್ಬೊ ಅಂದ್ರೆ ಏನು ಅಂತ ನಮ್ಮವ್ವನಿಗೆ ಹೇಳಿದ ರೀತಿಯಲ್ಲೇ ಹೇಳ್ತೀನಿ. ಒಲೆ ಮುಂದೆ ಕೂತು ಊದುಗೊಳವಿ ಊದಿದರೆ ಅದೇ ಕಟ್ಟಿಗೆ ಜೋರಾಗಿ ಉರಿಯುತ್ತಲ್ಲ, ಅಷ್ಟೇ. ವ್ಯತ್ಯಾಸ ಏನಂದ್ರೆ ಇಲ್ಲಿ ಊದೋದು ಹೊಗೆಯೇ. ಸೈಲೆನ್ಸರ್ ಕಡೆ ಹೊರಟ ಬಿಸಿ ಹೊಗೆ ಒಂದು ಪುಟ್ಟ ಚಕ್ರ ತಿರುಗಿಸುತ್ತೆ, ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನ ಒತ್ತಿ ಎಂಜಿನ್ನಿಗೆ ತುಂಬುತ್ತೆ. ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗೋ ದಂಡ ಅದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಅನ್ನೋ ಎಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ದ. ದಿನನಿತ್ಯದ ಕಾರಿಗೆ ಬರೋಕೆ ದಶಕಗಳೇ ಹಿಡಿದವು. 1973ರಲ್ಲಿ ಬಿಎಂಡಬ್ಲ್ಯು 2002 ಟರ್ಬೊ ಬಂತು. 1978ರಲ್ಲಿ ಸ್ವೀಡನ್ನಿನ ಸಾಬ್ 99 ಟರ್ಬೊ ಬಂದ ಮೇಲೆ ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಹೋಗೋ ಗಾಡಿಯಲ್ಲೂ ಇದನ್ನ ಇಡಬಹುದು ಅಂತ ಜಗತ್ತಿಗೆ ಗೊತ್ತಾಯ್ತು. ಆರ್‌ಎಸ್ ಅದೇ ವಂಶದ್ದು. ಹೊರಗೆ ನೋಡಿದರೆ ಬ್ಯಾಂಕ್ ಮ್ಯಾನೇಜರ್ ಕಾರು, ಕಾಲಿಟ್ಟರೆ ಬೇರೆ.

ಕಾಲಿಟ್ಟ ಕೂಡಲೇ ಅಲ್ಲ, ಒಂದು ಕ್ಷಣ ಬಿಟ್ಟು. ಹೊಗೆ ಜೋರಾಗಿ ಚಕ್ರ ವೇಗ ಹಿಡಿಯೋವರೆಗೆ ಸುಮ್ಮನಿರುತ್ತೆ, ಆಮೇಲೆ ಬೆನ್ನು ಸೀಟಿಗೆ ಅಂಟುತ್ತೆ. ಇದನ್ನ ಟರ್ಬೊ ಲ್ಯಾಗ್ ಅಂತಾರೆ. ನಮ್ಮೂರವರಿಗೆ ಇದನ್ನ ವಿವರಿಸೋದು ಸುಲಭ: ಗದಗ–ಯಲವಿಗಿ ರೈಲು ಮಾರ್ಗದ ಹಾಗೆ, ಬರ್ತದ ಬರ್ತದ ಅಂತ ಕಾಯಬೇಕು. ಕಾರಿನಲ್ಲಿ ಅದು ಖಂಡಿತ ಬರುತ್ತೆ. ಆರ್‌ಎಸ್‌ನಲ್ಲಿ ಕಾಯೋದೂ ಕಡಿಮೆ. 1750 ಸುತ್ತಿನಿಂದಲೇ ಪೂರ್ತಿ 210 ನ್ಯೂಟನ್ ಮೀಟರ್ ಸಿಗೋದರಿಂದ ಲಾರಿ ದಾಟಿಸೋಕೆ ಗೇರ್ ಇಳಿಸೋ ಪ್ರಮೇಯವೇ ಬರಲ್ಲ. ಶಿಗ್ಗಾವಿ ದಾಟಿ ಬಂಕಾಪುರದ ಕಡೆ ರಸ್ತೆ ಬಿಚ್ಚಿಕೊಳ್ಳುತ್ತಲ್ಲ, ಅಲ್ಲಿ ಮೂರನೇ ಗೇರಿನಲ್ಲಿ ಆ ಸಣ್ಣ ಸಿಳ್ಳೆ ಕೇಳಿದವರಿಗೆ ಮಾತ್ರ ಇದೇನು ಹುಚ್ಚು ಅಂತ ಅರ್ಥ ಆಗೋದು.

ಇನ್ನು ಕೊಳ್ಳೋ ಮಾತು. ಮೊದಲನೆಯ ಕೆಲಸ ಕಾರು ನೋಡೋದಲ್ಲ, ಆರ್‌ಸಿ ನೋಡೋದು. ಆರ್‌ಎಸ್ ಬಿಲ್ಲೆ ಆನ್‌ಲೈನಿನಲ್ಲಿ ಸಿಗುತ್ತೆ, ಯಾವ ಆಕ್ಟೇವಿಯಾಕ್ಕೆ ಬೇಕಾದರೂ ಅಂಟಿಸಬಹುದು. ಆರ್‌ಸಿಯಲ್ಲಿ ಇಂಧನ ಪೆಟ್ರೋಲ್, ಸಿಸಿ 1781 ಅಂತ ಇರಬೇಕು. 1896 ಅಂತ ಇದ್ದರೆ ಅದು ಡೀಸೆಲ್, 1984 ಇದ್ದರೆ ಟರ್ಬೊ ಇಲ್ಲದ ಎರಡು ಲೀಟರ್ ಪೆಟ್ರೋಲ್. ಅವೂ ಒಳ್ಳೇ ಗಾಡಿಗಳೇ, ಆದರೆ ಆರ್‌ಎಸ್ ಅಲ್ಲ, ಆರ್‌ಎಸ್ ಬೆಲೆಯೂ ಅವಕ್ಕಲ್ಲ.

ಎರಡನೆಯದು, ಎಂಜಿನ್ ತಣ್ಣಗಿರುವಾಗ ಹೋಗಬೇಕು. “ನೀವು ಬರೋದ್ರೊಳಗ ಸ್ಟಾರ್ಟ್ ಮಾಡಿ ಇಟ್ಟಿರ್ತೀನ್ರಿ” ಅಂತ ಮಾರೋರು ಅಂದರೆ “ಬ್ಯಾಡ್ರಿ, ನಾ ಬಂದ ಮ್ಯಾಲೆ ಮಾಡೂಣ” ಅನ್ನಿ. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಕೀ ತಿರುಗಿಸಿದಾಗ ಎಂಜಿನ್ ಚೆಕ್ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದ್ರೆ ಖುಷಿ ಪಡಬೇಡಿ, ಯಾರೋ ದೀಪವನ್ನೇ ಕಿತ್ತಿದ್ದಾರೆ ಅಂತ ಅರ್ಥ. ಸ್ವಲ್ಪ ಹೊತ್ತು ಸುಮ್ಮನೆ ಓಡಲು ಬಿಟ್ಟು ಆಮೇಲೆ ಆಕ್ಸಿಲರೇಟರ್ ಒತ್ತಿ, ಹಿಂದೆ ಒಬ್ಬರನ್ನ ನಿಲ್ಲಿಸಿ. ನೀಲಿ ಹೊಗೆ ಅಂದ್ರೆ ಆಯಿಲ್ ಉರೀತಿದೆ. ಬಿಸಿ ಆದ ಮೇಲೂ ಬಿಳಿ ಹೊಗೆ ಬರ್ತಾ ಸಿಹಿ ವಾಸನೆ ಇದ್ದರೆ ಕೂಲಂಟ್ ಒಳಗೆ ಸೇರ್ತಿದೆ. ನಮಸ್ಕಾರ ಹೇಳಿ ಬಂದುಬಿಡಿ. ನಿಮ್ಮ ಫೋನಿಗೆ ಬ್ಲೂಟೂತಿನಲ್ಲಿ ಜೋಡಿಸೋ ಒಬಿಡಿ ಸ್ಕ್ಯಾನರ್ ಹೆಚ್ಚು ಬೆಲೆಯದ್ದಲ್ಲ, ಒಂದು ಇಟ್ಟುಕೊಳ್ಳಿ. ಪಿ0301ರಿಂದ ಪಿ0304ರವರೆಗಿನ ಕೋಡ್ ಬಂದರೆ ಆಯಾ ಸಿಲಿಂಡರ್ ಸರಿಯಾಗಿ ಉರೀತಿಲ್ಲ. ಈ ಎಂಜಿನ್ನಿನಲ್ಲಿ ಬಹಳ ಸಲ ಅದು ಕಾಯಿಲ್ ಹೋಗಿರುತ್ತೆ, ಸಣ್ಣ ಖರ್ಚು. ಪಿ0171 ಬಂದರೆ ಎಲ್ಲೋ ಗಾಳಿ ಸೋರ್ತಿದೆ.

ಈ ಗಾಳಿ ಸೋರೋ ಸಂಗತಿ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಜನ ದುಡ್ಡು ಕಳ್ಕೊಳ್ಳೋದು ಇಲ್ಲೇ. ಟರ್ಬೊ ಕಾರಿನ ಹೊಟ್ಟೆ ತುಂಬ ರಬ್ಬರ್ ಪೈಪು. ಇಪ್ಪತ್ತು ವರ್ಷ ಎಂಜಿನ್ ಶಾಖಕ್ಕೆ, ನಮ್ಮ ಏಪ್ರಿಲ್ ಬಿಸಿಲಿಗೆ ಬೆಂದು ಅವು ಹಪ್ಪಳ ಆಗಿರ್ತವೆ. ಎಲ್ಲೋ ಒಂದು ಕಡೆ ಸೀಳಿದರೆ ಟರ್ಬೊ ಒತ್ತಿದ ಗಾಳಿ ಎಂಜಿನ್ನಿಗೆ ಹೋಗೋ ಬದಲು ಹೊರಗೆ ಹೋಗುತ್ತೆ, ಗಾಡಿ ಎಳೆಯಲ್ಲ. ನನ್ನ ಕಾರು ಒಮ್ಮೆ ಹೀಗೆ ಸುಸ್ತಾದಾಗ ಒಂದು ಗ್ಯಾರೇಜಿನವರು ಬಾನೆಟ್ ತೆಗೆದು ಎರಡು ನಿಮಿಷ ನೋಡಿ “ಟರ್ಬೊ ಹೋಗೈತ್ರಿ, ಹೊಸಾದು ಹಾಕಬೇಕು” ಅಂದ್ರು. ಹೇಳಿದ ಮೊತ್ತಕ್ಕೆ ಒಂದು ಹೊಸ ಸ್ಕೂಟರ್ ಬರ್ತಿತ್ತು. ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಪೈಪಿಗೆ ಹೊಗೆ ಬಿಟ್ಟು ನೋಡಿದರು. ಅಂಗೈ ಉದ್ದದ ಒಂದು ಪೈಪಿನ ಅಡಿಯಲ್ಲಿ ಸೀಳು. ಅದನ್ನೂ, ಪಕ್ಕದ ಡೈವರ್ಟರ್ ವಾಲ್ವನ್ನೂ ಬದಲಿಸಿದ ಮೇಲೆ ಅದೇ ಟರ್ಬೊ ಇವತ್ತಿಗೂ ಊದ್ತಾ ಇದೆ. ಪೈಪು, ವಾಲ್ವು, ಸೆನ್ಸರ್ ನೋಡದೆ ಟರ್ಬೊ ಹೋಯ್ತು ಅನ್ನೋರನ್ನ ನಂಬಬೇಡಿ.

ಟರ್ಬೊ ನಿಜವಾಗಿ ಹೋಗೋದು ಆಯಿಲಿನಿಂದ. ಆ ಲಕ್ಷ ಸುತ್ತಿನ ದಂಡ ತೇಲೋದು ಒಂದು ತೆಳ್ಳಗಿನ ಆಯಿಲ್ ಪದರದ ಮೇಲೆ. ಆಯಿಲ್ ಹಳತಾದರೆ ಕರಟಿ ಕಾಡಿಗೆ ಆಗುತ್ತೆ, ಆ ಗಸಿ ಕೆಳಗಿನ ಜಾಲರಿಗೆ ಕೂತು ಆಯಿಲ್ ಮೇಲೆ ಏರದ ಹಾಗೆ ಮಾಡುತ್ತೆ. ಅದಕ್ಕೇ ಪೂರ್ತಿ ಸಿಂಥೆಟಿಕ್ ಆಯಿಲ್, ಡಬ್ಬದ ಮೇಲೆ ವಿಡಬ್ಲ್ಯು 502 ಅಂತ ಬರೆದಿರೋದನ್ನೇ ಹಾಕಿಸಿ, ಕಿಲೋಮೀಟರ್ ಆಗಿರಲಿ ಬಿಡಲಿ ವರ್ಷಕ್ಕೊಮ್ಮೆ ಬದಲಿಸಿ. ಹೈವೇಯಿಂದ ಬಂದು ಮನೆ ಮುಂದೆ ನಿಂತ ತಕ್ಷಣ ಕೀ ತಿರುಗಿಸಬೇಡಿ, ಒಂದು ನಿಮಿಷ ಹಾಗೇ ಬಿಡಿ. ಕೆಂಪು ಆಯಿಲ್ ದೀಪ ಹತ್ತಿದರೆ “ಇಲ್ಲೇ ಸವಣೂರು ಬಂತು, ಮುಟ್ಟಿಸಿಬಿಡ್ತೀನಿ” ಅನ್ನೋ ಧೈರ್ಯ ಬೇಡ. ಅಲ್ಲೇ ನಿಲ್ಲಿಸಿ.

ಟೈಮಿಂಗ್ ಬೆಲ್ಟಿನ ಬಗ್ಗೆ ಒಂದೇ ಮಾತು. ಯಾವಾಗ ಹಾಕಿಸಿದ್ದು ಅಂತ ಬಿಲ್ ಇಲ್ಲದಿದ್ದರೆ, ಹಾಕಿಸಿಲ್ಲ ಅಂತಲೇ ತಿಳ್ಕೊಳ್ಳಿ. ಅದು ಹರಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ, ಇರೋದು 20. ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಒಟ್ಟಿಗೇ ಹಾಕಿಸಿ.

ಸ್ಪೇರ್ ಸಿಗುತ್ತಾ ಅಂತ ಎಲ್ಲರೂ ಕೇಳ್ತಾರೆ. ಎಂಜಿನ್ ಸಾಮಾನು ಸಿಗುತ್ತೆ, ಯಾಕಂದ್ರೆ ಯುರೋಪಿನ ಗಾಲ್ಫ್, ಆಡಿ ಎ3, ಆಡಿ ಟಿಟಿ ಎಲ್ಲದರಲ್ಲೂ ಇದೇ 1.8 ಟರ್ಬೊ ವಂಶ. ಪಾರ್ಟ್ ನಂಬರ್ ಹಿಡಿದು ಬೆಂಗಳೂರಿನ ಜೆ.ಸಿ. ರೋಡಿನಲ್ಲೋ ದಿಲ್ಲಿಯ ಕಾಶ್ಮೀರಿ ಗೇಟಿನಲ್ಲೋ ವಿಚಾರಿಸಿ. ಕಷ್ಟ ಇರೋದು ಆರ್‌ಎಸ್‌ಗೆ ಮಾತ್ರ ಇರೋ ಸಾಮಾನಿನಲ್ಲಿ: ಮುಂದಿನ ಬಂಪರ್, ಸೀಟು, ಒಳಗಿನ ಅಲಂಕಾರ. ಅವು ಒಡೆದಿರೋ ಗಾಡಿಗಿಂತ ಎಂಜಿನ್ ಕೆಲಸ ಇರೋ ಗಾಡಿಯೇ ವಾಸಿ ಅಂತ ನನ್ನ ಅಭಿಪ್ರಾಯ.

ಕಾಗದಪತ್ರದ್ದು ಬೇರೆ ಕಥೆ. ದಿಲ್ಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಂದ ಅಗ್ಗವಾಗಿ ಕಾರುಗಳು ದಕ್ಷಿಣಕ್ಕೆ ಬಂದವು. ಬೆಲೆ ನೋಡಿ ಮರುಳಾಗಬೇಡಿ. ಎನ್‌ಒಸಿ ಬೇಕು, ಕರ್ನಾಟಕದ ತೆರಿಗೆ ಕಟ್ಟಬೇಕು, ಆಮೇಲಷ್ಟೇ ಹಾವೇರಿಯ ಕೆಎ 27 ನಂಬರ್. ನಮ್ಮಲ್ಲಿ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವನ್ನ 10,000 ರೂಪಾಯಿಗೆ ಏರಿಸಿದೆ, ಹಸಿರು ತೆರಿಗೆ ಅದರ ಮೇಲೆ. ವಿಂಟೇಜ್ ಅಂತ ರಿಯಾಯಿತಿ ಕೇಳೋಣ ಅಂದ್ರೆ ಆ ನಿಯಮಕ್ಕೆ 50 ವರ್ಷ ಆಗಿರಬೇಕು. ಕಾನೂನಿನ ಕಣ್ಣಿಗೆ ನಮ್ಮದು ಕ್ಲಾಸಿಕ್ ಅಲ್ಲ, ಬರೀ ಹಳೇದು. ವಿಮೆಯವರಿಗೂ ಅಷ್ಟೇ. ಐದು ವರ್ಷ ದಾಟಿದ ಗಾಡಿಯ ಬೆಲೆ ಅವರೂ ನೀವೂ ಮಾತಾಡಿ ಒಪ್ಪಿಕೊಂಡಿದ್ದು. ಅದಕ್ಕೆ ಫೋಟೊ, ಬಿಲ್ಲು ಎಲ್ಲಾ ಇಟ್ಟುಕೊಂಡೇ ಮಾತಿಗೆ ಕೂರಿ.

ಈಗ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್. ಆಕ್ಟೇನ್ ಹೆಚ್ಚಾಗಿರೋದು ಟರ್ಬೊಗೆ ಒಳ್ಳೇದೇ, ಆದರೆ ಈ ಕಾರು ಮಾಡಿದಾಗ ಅಂಥ ಪೆಟ್ರೋಲ್ ಬರುತ್ತೆ ಅಂತ ಲೆಕ್ಕ ಹಾಕಿರಲಿಲ್ಲ. ಹಳೇ ರಬ್ಬರ್, ಸೀಲುಗಳಿಗೆ ಎಥನಾಲ್ ಆಗಿಬರಲ್ಲ, ಅದು ನೀರನ್ನೂ ಹೀರುತ್ತೆ. ಪೆಟ್ರೋಲ್ ಪೈಪುಗಳನ್ನ ಎಥನಾಲ್ ತಡೆಯೋ ಹೊಸ ಪೈಪಿಗೆ ಬದಲಿಸಿ, ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸಬೇಡಿ. ಬೆಂಗಳೂರಿನಲ್ಲಿದ್ದು ಊರಲ್ಲಿ ಕಾರು ಇಡೋರು ಇದನ್ನ ಗಮನಿಸಬೇಕು.

ಇಷ್ಟೆಲ್ಲಾ ಅಳಿಯನಿಗೂ ಹೇಳಿದೆ. ಅವನಿಗೆ ಗೊತ್ತಿಲ್ಲದ್ದು ಬಹಳ ಇರಲಿಲ್ಲ, ಯೂಟ್ಯೂಬಿನಲ್ಲಿ ಎಲ್ಲಾ ನೋಡಿದ್ದ. ನೋಡದೇ ಇದ್ದದ್ದು ಒಂದು: ಯಲವಿಗಿಯಲ್ಲಿ ರಾತ್ರಿ ಎರಡಕ್ಕೆ ಒಂದು ಕಾಯಿಲ್ ಹೋದರೆ ಏನು ಮಾಡಬೇಕು ಅನ್ನೋದು. ಸ್ವಿಫ್ಟ್ ಆದರೆ ಸವಣೂರಿನಲ್ಲೇ ರಿಪೇರಿ ಆಗುತ್ತೆ. ಇದಕ್ಕೆ ಗೊತ್ತಿರೋ ಮೆಕ್ಯಾನಿಕ್ ಹುಬ್ಬಳ್ಳಿಯಲ್ಲಿ, ಸ್ಪೇರು ಬೆಂಗಳೂರಿನಲ್ಲಿ. ನನ್ನದು ಬಂಕಾಪುರ ಕ್ರಾಸಿನಲ್ಲಿ ನಿಂತಾಗ ಡಿಕ್ಕಿಯಲ್ಲಿ ಒಂದು ಹೆಚ್ಚಿನ ಕಾಯಿಲ್ ಇತ್ತು, ಹಾಕ್ಕೊಂಡು ಬಂದೆ, ಹಿಂದೆ ಪೇಶಂಟ್ ಇರಲಿಲ್ಲ. ಕಾರಿನ ಬೆಲೆಯಷ್ಟೇ ದುಡ್ಡು ಬೇರೆ ಎತ್ತಿಟ್ಟಿರಬೇಕು, ಮನೆಯಲ್ಲಿ ಇನ್ನೊಂದು ಕಾರು ಇರಬೇಕು; ಈ ಎರಡು ಇದ್ದರೆ ತಗೋ, ಇಲ್ಲದಿದ್ದರೆ 150 ಅಶ್ವಶಕ್ತಿಯೇ ಬೇಕು ಅಂದ್ರೆ ಸ್ಲಾವಿಯಾ 1.5 ಟಿಎಸ್‌ಐ ಸೆಕೆಂಡ್ ಹ್ಯಾಂಡ್ ನೋಡು ಅಂದೆ. ಅದರದ್ದೂ ಸರಿಯಾಗಿ 150. ಅವನಿಗೆ ಅದು ರುಚಿಸಲಿಲ್ಲ. “ಅದ್ರಾಗ ಏನೈತಿ ಮಾಮಾ, ಎಲ್ಲಾರ ಹತ್ರಾನೂ ಇರ್ತೈತಿ.”

ಕೊನೆಗೆ ತಂಗಿಯೇ ತೀರ್ಮಾನ ಕೊಟ್ಟಳು. “ಸ್ವಿಫ್ಟ್ ಇರ್ಲಿ, ಅದು ನಂದು. ಅವ ತನ್ನ ರೊಕ್ಕದಾಗ ಏನರ ತಗೊಳ್ಳಿ, ಆದ್ರ ನನ್ನ ಅದ್ರಾಗ ಜೋರ್ ಓಡಿಸಬಾರದು.”

ಅವನು ಫೋನಿನಲ್ಲಿ ಹೇಳಿದ್ದ ಆ ಕಾರು ಪುಣೆಯಲ್ಲಿತ್ತು. ಇಬ್ಬರೂ ಹೋಗಿ ನೋಡಿದೆವು. ಕನ್ನಡಿಯಂಥ ಪಾಲಿಶ್, ಹೊಸ ಟಯರ್, ಗ್ರಿಲ್ ಮೇಲೆ ಹೊಚ್ಚ ಹೊಸ ಬಿಲ್ಲೆ. ಸರ್ವಿಸ್ ಫೈಲು ಎಲ್ಲಿ ಅಂದ್ರೆ ಮನೆ ಬದಲಿಸುವಾಗ ಕಳೆದುಹೋಯ್ತು ಅಂದ್ರು. ಆರ್‌ಸಿ ತೆಗೆದು ನೋಡಿದರೆ 1984. ಬರುವಾಗ ಅಳಿಯ ನಿಪ್ಪಾಣಿವರೆಗೆ ಮಾತಾಡಲಿಲ್ಲ. ಮೊನ್ನೆ ಮತ್ತೆ ಫೋನ್ ಬಂತು: ಮಂಗಳೂರಿನಲ್ಲಿ ಒಂದು ಇದೆಯಂತೆ, ಬಣ್ಣ ಮಾಸಿದೆ, ಎಡಗಡೆ ಬಾಗಿಲಿಗೆ ಒಂದು ಗೀರು, 2006ರಿಂದ ಒಬ್ಬರೇ ಮಾಲೀಕರು, ಬೆಲ್ಟಿನ ಬಿಲ್ಲೂ ಸೇರಿ ಎರಡು ಫೈಲು ತುಂಬ ಕಾಗದ. ಭಾನುವಾರ ಬೆಳಿಗ್ಗೆ ಏಳಕ್ಕೆ ಬರ್ತೀವಿ, ಅಲ್ಲಿವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಅವರಿಗೆ ಹೇಳಿಯಾಗಿದೆ.