ನೊಗ ಇಳಿಯುವವರೆಗೆ ಹಾರ ಬೇಡ

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಬೆವರು ಸುರಿಸುವ ಬಂಧುಗಳೇ,

“ಕವಿಗೇಕಯ್ಯಾ ರಾಜಕೀಯ? ಹೂವು, ಚಂದ್ರ, ಕೋಗಿಲೆ ಸಾಲದೆ?” ಎಂದು ಹೊಟ್ಟೆ ತುಂಬಿದ ಮಹನೀಯರು ಕೇಳುವುದುಂಟು. ಅವರಿಗೆ ಸಿದ್ದಲಿಂಗಯ್ಯನವರ ಬಾಳೇ ಉತ್ತರ.

೧೯೫೪ರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಹುಡುಗ, ಎತ್ತುಗಳ ಬದಲು ಇಬ್ಬರು ಮನುಷ್ಯರು ನೊಗ ಹೊತ್ತದ್ದನ್ನು ಕಂಡ. ಅವರಲ್ಲೊಬ್ಬ ಅವನ ತಂದೆ! ‘ಊರುಕೇರಿ’ಯಲ್ಲಿ ಅವರೇ ಇದನ್ನು ಬರೆದಿದ್ದಾರೆ. ಅಂಥವನು ಕೋಗಿಲೆಯನ್ನು ಹಾಡುತ್ತ ಕೂರಬೇಕಿತ್ತೆ?

ಕೂರಲಿಲ್ಲ. ಶ್ರೀರಾಂಪುರದ ಬಡವರ ನಡುವೆ ಬೆಳೆದರು. ೧೯೭೫ರಲ್ಲಿ ‘ಹೊಲೆಮಾದಿಗರ ಹಾಡು’ ಬಂತು. ಬಿ. ಕೃಷ್ಣಪ್ಪ, ದೇವನೂರ ಮಹಾದೇವರೊಡನೆ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಓದು ಬಾರದವರ ಬಾಯಲ್ಲೂ ಆ ಹಾಡು ಮೆರವಣಿಗೆಯಾಗಿ ನಡೆಯಿತು. ಮುಂದೆ ಎರಡು ಅವಧಿ ವಿಧಾನ ಪರಿಷತ್ತಿನಲ್ಲಿ ಕುಳಿತರು. ಅಧಿಕಾರದ ಹತ್ತಿರ ಹೋಗಿ ಮೆತ್ತಗಾದರೆಂದು ಸಂಗಾತಿಗಳೇ ದೂರಿದರು. ಆ ದೂರನ್ನು ನಾವು ಮುಚ್ಚಿಡುವುದಿಲ್ಲ. ಬದುಕಿದವನ ಲೆಕ್ಕವನ್ನು ಜನ ಕೇಳಲೇಬೇಕು. ಆದರೆ ಕೇರಿಯ ಮಾತನ್ನು ವಿಧಾನಸೌಧದೊಳಗೆ ಒಯ್ದವರು ಎಷ್ಟು ಮಂದಿ?

೨೦೧೫ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ೨೦೨೧ರ ಜೂನ್ ೧೧ರಂದು ಕೋವಿಡ್‌ನಿಂದ ಸಾವು, ೨೦೨೨ರಲ್ಲಿ ಮರಣೋತ್ತರ ಪದ್ಮಶ್ರೀ. ಹಾರಕ್ಕೆ ಕೊರತೆಯಾಗಲಿಲ್ಲ. ಮರುವರ್ಷ, ೨೦೨೩ರಲ್ಲಿ, ಅದೇ ವಿಧಾನಸೌಧ ಕಾರ್ಖಾನೆಗಳಲ್ಲಿ ದಿನಕ್ಕೆ ೧೨ ಗಂಟೆ ದುಡಿಸಲು ಕಾನೂನು ತಿದ್ದಿತು! ವಾರಕ್ಕೆ ೪೮ ಗಂಟೆ ಮೀರಬಾರದು, ಕಾರ್ಮಿಕನ ಒಪ್ಪಿಗೆ ಬೇಕು ಎಂಬ ಷರತ್ತೇನೋ ಇತ್ತು. ಗುತ್ತಿಗೆದಾರ ಕಣ್ಣು ಕೆಂಪಗೆ ಮಾಡಿದರೆ ನಾಳೆ ಗೇಟಿನ ಹೊರಗೆ ನಿಲ್ಲುವವನ ಒಪ್ಪಿಗೆ, ಒಪ್ಪಿಗೆಯೆ? ೨೦೨೪ರಲ್ಲಿ ಐಟಿ ಕಂಪನಿಗಳಿಗೆ ೧೪ ಗಂಟೆಯ ಮಾತೆದ್ದಾಗ ಅಲ್ಲಿನ ನೌಕರರ ಸಂಘ ಎದ್ದು ನಿಂತಿತು. ಕುರ್ಚಿಯಲ್ಲಿ ಕೂತವನ ಹೆಗಲಿಗೂ ನೊಗ ಬರುತ್ತದೆಂದು ಆಗ ತಿಳಿಯಿತು.

ಅಂಗಡಿಯ ಮಿತ್ರರೇ, ಇದು ನಿಮ್ಮ ಮಾತೂ ಹೌದು. ಕಾರ್ಮಿಕನ ಕೈ ಬರಿದಾದರೆ ನಿಮ್ಮ ಉದ್ರಿ ಪುಸ್ತಕ ದಪ್ಪವಾಗುತ್ತದೆ, ಗಲ್ಲಾಪೆಟ್ಟಿಗೆ ಬರಿದಾಗುತ್ತದೆ.

ಒಬ್ಬೊಬ್ಬರೇ ಒಪ್ಪಿಗೆ ಪತ್ರಕ್ಕೆ ರುಜು ಹಾಕಬೇಡಿ; ಸಂಘದಲ್ಲಿ ಕೂತು, ಓದಿಸಿ ಕೇಳಿ, ಒಟ್ಟಿಗೆ ಉತ್ತರ ಕೊಡಿ. ಪಾಳಿ ಮುಗಿದ ಮೇಲೆ ಗೇಟಿನ ಬಳಿ ‘ಊರುಕೇರಿ’ಯ ನಾಲ್ಕು ಪುಟ ಗಟ್ಟಿಯಾಗಿ ಓದಿ. ಕವಿಗೆ ಹಾರ ಹಾಕುವುದು ಸುಲಭ. ಅವನ ತಂದೆಯ ಹೆಗಲ ಮೇಲಿದ್ದ ನೊಗವನ್ನು ನಮ್ಮ ಮಕ್ಕಳ ಹೆಗಲಿಗೆ ಬಾರದಂತೆ ತಡೆಯುವುದೇ ಅವನಿಗೆ ಸಲ್ಲುವ ಗೌರವ.